ಕಾರು ಎಲ್ಲಿ ನಿಲ್ಲಬೇಕು? ಅಡಿರಾಂಡ್ಯಾಕ್ ಕಾಡಿನ ಒಂದು ಪ್ರಕರಣ

ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ, ನಾರ್ತ್ ಹಡ್ಸನ್ ಎಂಬ ಸಣ್ಣ ಊರಿನ ಹತ್ತಿರ ಒಂದು ಜಲ್ಲಿ ರಸ್ತೆ ಇದೆ. ದಿಮ್ಮಿ ಹೊರುವ ಲಾರಿಗಳು ಓಡಾಡುತ್ತಿದ್ದ ರಸ್ತೆ. ಹೆಸರು ಗಲ್ಫ್ ಬ್ರೂಕ್ ರಸ್ತೆ, ಉದ್ದ ಸುಮಾರು 11 ಕಿಲೋಮೀಟರ್. ಅದು ಮುಗಿಯುವ ಕಡೆ ಬೋರಿಯಾಸ್ ಪಾಂಡ್ಸ್ ಎಂಬ ಕೆರೆಗಳಿವೆ. ನೀರಿನ ಆಚೆ ರಾಜ್ಯದ ಅತಿ ಎತ್ತರದ ಬೆಟ್ಟ ಮಾರ್ಸಿ, ಅದರ ಜೊತೆಗೆ ಇನ್ನಷ್ಟು ಶಿಖರಗಳು ಸಾಲಾಗಿ ಕಾಣುತ್ತವೆ. 2016ರಲ್ಲಿ ರಾಜ್ಯ ಸರ್ಕಾರ ಈ ಜಾಗವನ್ನು ಕೊಂಡಿತು. ಆಮೇಲೆ ಸುಮಾರು ಎರಡು ವರ್ಷ ಒಂದು ಪ್ರಶ್ನೆ ಎಲ್ಲರ ತಲೆ ತಿಂದಿತು. ಈ ರಸ್ತೆಯಲ್ಲಿ ಜನರ ಕಾರು ಎಲ್ಲಿಯವರೆಗೆ ಹೋಗಬಹುದು?

ಕೇಳುವುದಕ್ಕೆ ಸಣ್ಣ ವಿಷಯ. ಆದರೆ ಈ ಪ್ರಕರಣವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ, ಮಲೆನಾಡಿನ ಜನ ಓದಬೇಕು ಅಂತಲೂ ಅನಿಸಿದೆ. ಕಾಡು ಉಳಿಸುವ ಯೋಜನೆಗೆ ಊರಿನವರನ್ನು ಯಾವಾಗ ಕರೆದರು, ಅವರಿಗೆ 'ಬೇಡ' ಎನ್ನುವ ಹಕ್ಕು ಇತ್ತೇ, ಈ ಎರಡರ ಮೇಲೆ ಎಷ್ಟೆಲ್ಲಾ ನಿಂತಿದೆ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಮೊದಲು ಜಾಗದ ಪರಿಚಯ. ಅಡಿರಾಂಡ್ಯಾಕ್ ಪಾರ್ಕ್ ಎಂದರೆ ಸುತ್ತ ಬೇಲಿ, ಗೇಟು, ಟಿಕೆಟ್ ಕೌಂಟರ್ ಇರುವ ಉದ್ಯಾನ ಅಂದುಕೊಳ್ಳಬೇಡಿ. ಅದು ಸುಮಾರು 60 ಲಕ್ಷ ಎಕರೆಯ ಒಂದು ಪ್ರದೇಶ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಎರಡು ಪಟ್ಟಿಗಿಂತ ಜಾಸ್ತಿ. 1892ರಲ್ಲಿ ನಕ್ಷೆಯ ಮೇಲೆ ನೀಲಿ ಶಾಯಿಯಲ್ಲಿ ಗೆರೆ ಎಳೆದು ಇದನ್ನು ಗುರುತಿಸಿದರು. ಇವತ್ತಿಗೂ ಅಲ್ಲಿನವರು ಎಲ್ಲೆಯನ್ನು 'ನೀಲಿ ಗೆರೆ' ಎಂದೇ ಕರೆಯುತ್ತಾರೆ. ಗೆರೆಯೊಳಗೆ ನೂರಕ್ಕೂ ಹೆಚ್ಚು ಊರುಗಳಿವೆ, ಸುಮಾರು 1.3 ಲಕ್ಷ ಜನ ವರ್ಷವಿಡೀ ವಾಸ ಮಾಡುತ್ತಾರೆ. ಅರ್ಧಕ್ಕಿಂತ ಜಾಸ್ತಿ ಜಮೀನು ಖಾಸಗಿಯವರದು. ಉಳಿದದ್ದು ಸರ್ಕಾರದ ಕಾಡು. ಆ ಕಾಡನ್ನು 'ಎಂದೆಂದಿಗೂ ಕಾಡಾಗಿಯೇ' ಇಡಬೇಕು, ಅಲ್ಲಿನ ಮರವನ್ನು ಮಾರುವ, ತೆಗೆಯುವ, ಹಾಳು ಮಾಡುವ ಹಾಗಿಲ್ಲ ಎಂದು 1894ರಲ್ಲಿ ರಾಜ್ಯದ ಸಂವಿಧಾನಕ್ಕೇ ಸೇರಿಸಿದರು. ಇಲಾಖೆಯ ಆದೇಶವಾಗಿದ್ದರೆ ಬದಲಾಯಿಸುವುದು ಸುಲಭ. ಇದನ್ನು ಬದಲಾಯಿಸಬೇಕಾದರೆ ಇಡೀ ರಾಜ್ಯದ ಮತದಾರರನ್ನು ಕೇಳಬೇಕು. ಈ ಮಾತು ನೆನಪಿರಲಿ, ಕಥೆಯ ಕೊನೆಯ ಭಾಗದಲ್ಲಿ ಮತ್ತೆ ಬರುತ್ತದೆ.

ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ ಅನಿಸುತ್ತದೆ. ಇಲ್ಲಿನ ತನ್ನ ಕಾಡಿಗೆ ರಾಜ್ಯ ಸರ್ಕಾರ ಊರಿನ ಆಡಳಿತಕ್ಕೆ ಆಸ್ತಿ ತೆರಿಗೆ ಕಟ್ಟುತ್ತದೆ. ಇದು 1886ರಿಂದ ನಡೆದು ಬಂದಿದೆ. ಸರ್ಕಾರ ಜಮೀನು ಕೊಂಡರೆ ಊರಿನ ಆದಾಯ ನಿಂತುಹೋಗುತ್ತದೆ ಎಂಬ ಭಯ ಪೂರ್ತಿ ಹೋಗದಿದ್ದರೂ ಎಷ್ಟೋ ಕಮ್ಮಿಯಾಗುತ್ತದೆ. ಇಷ್ಟೊಂದು ಕಾಡನ್ನು ಅಲ್ಲಿನ ಊರುಗಳು ನೂರಕ್ಕೂ ಹೆಚ್ಚು ವರ್ಷ ಸಹಿಸಿಕೊಂಡು ಬಂದಿರುವುದರಲ್ಲಿ ಈ ತೆರಿಗೆಯ ಪಾಲು ದೊಡ್ಡದು.

ಆದರೂ ಜಗಳ ಇರಲಿಲ್ಲ ಅಂತಲ್ಲ. 1971ರಲ್ಲಿ ಅಡಿರಾಂಡ್ಯಾಕ್ ಪಾರ್ಕ್ ಏಜೆನ್ಸಿ ಹುಟ್ಟಿತು. ಎರಡು ವರ್ಷದೊಳಗೆ ಸರ್ಕಾರಿ ಕಾಡಿಗೂ ಖಾಸಗಿ ಜಮೀನಿಗೂ ಬೇರೆ ಬೇರೆ ಬಳಕೆ ಯೋಜನೆ ಬಂತು. ನನ್ನ ಜಮೀನಿನಲ್ಲಿ ಮನೆ ಕಟ್ಟುವುದಕ್ಕೆ ಬೇರೆಯವರ ಅಪ್ಪಣೆ ಯಾಕೆ ಎಂದು ಊರಿನವರು ಸಿಟ್ಟಾದರು. ಆ ಸಿಟ್ಟು 1990ರಲ್ಲಿ ಸ್ಫೋಟಿಸಿತು. ಆಗಿನ ಗವರ್ನರ್ ಮಾರಿಯೋ ಕುವೊಮೊ ನೇಮಿಸಿದ ಆಯೋಗ ಒಂದು ವರದಿ ಕೊಟ್ಟಿತು. ಹೊಸ ಕಟ್ಟಡಗಳಿಗೆ ಒಂದು ವರ್ಷ ತಡೆ, ಲಕ್ಷಾಂತರ ಎಕರೆಯ ಸರ್ಕಾರಿ ಖರೀದಿ, ಹೀಗೆ ಇನ್ನೂರಕ್ಕೂ ಹೆಚ್ಚು ಶಿಫಾರಸುಗಳು. ವರದಿ ಬರೆಯುವಾಗ ತಮ್ಮನ್ನು ಕೇಳಲಿಲ್ಲ ಎಂಬುದೇ ಜನರ ದೊಡ್ಡ ದೂರು. ಹೆದ್ದಾರಿಯಲ್ಲಿ ಸಾಲುಗಟ್ಟಿ ಕಾರುಗಳನ್ನು ನಿಧಾನಕ್ಕೆ ಓಡಿಸಿ ಸಂಚಾರ ತಡೆದರು. ಅದೇ ವರ್ಷ ಪರಿಸರದ ಕೆಲಸಕ್ಕೆ ಸಾಲ ಎತ್ತುವ ಪ್ರಸ್ತಾವವೊಂದು ರಾಜ್ಯದ ಮತದಾನದಲ್ಲಿ ಬಿದ್ದುಹೋಯಿತು.

ಇದನ್ನು ಓದುವಾಗ ಪಶ್ಚಿಮಘಟ್ಟದ ವರದಿಗಳ ನೆನಪು ಬರದೇ ಇರುವುದಿಲ್ಲ, ಅಲ್ವಾ? 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ, 2013ರಲ್ಲಿ ಕಸ್ತೂರಿರಂಗನ್ ಸಮಿತಿ. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಸೂಕ್ಷ್ಮ ಪ್ರದೇಶ ಎಂಬ ಲೆಕ್ಕ. ಕರಡು ಅಧಿಸೂಚನೆ ಮತ್ತೆ ಮತ್ತೆ ಬಂತು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ಒಪ್ಪುವುದಿಲ್ಲ ಎಂದಿತು. ಗಾಡ್ಗೀಳ್ ಅವರು ಇದನ್ನು ಗ್ರಾಮಸಭೆಗಳ ಮುಂದೆ ಇಟ್ಟು ತೀರ್ಮಾನ ಮಾಡಿ ಎಂದೇ ಹೇಳಿದ್ದರು. ಆದರೆ ನಮ್ಮ ಎಷ್ಟೋ ಹಳ್ಳಿಗಳಿಗೆ ವರದಿ ತಲುಪುವ ಮೊದಲು ಅದರ ಬಗ್ಗೆ ಹೆದರಿಕೆ ತಲುಪಿತ್ತು. ಮನೆ ರಿಪೇರಿ ಮಾಡುವ ಹಾಗಿಲ್ಲವಂತೆ, ತೋಟಕ್ಕೆ ಗೊಬ್ಬರ ಹಾಕುವ ಹಾಗಿಲ್ಲವಂತೆ. ನಮ್ಮ ಕಡೆ ಇಂಥ ಮಾತು ನಾನೇ ಕಿವಿಯಾರೆ ಕೇಳಿದ್ದೇನೆ.

ಅಡಿರಾಂಡ್ಯಾಕ್‌ನಲ್ಲಿ 1990ರ ಸೋಲಿನ ನಂತರ ಏನಾಯಿತು ಎಂಬುದೇ ಈ ಪ್ರಕರಣದ ತಿರುಳು. 1993ರಲ್ಲಿ ರಾಜ್ಯ ಒಂದು ಪರಿಸರ ಸಂರಕ್ಷಣಾ ನಿಧಿ ಮಾಡಿತು. ಈ ನಿಧಿಯ ಹಣದಿಂದ ಯಾವುದಾದರೂ ಊರಿನ ವ್ಯಾಪ್ತಿಯಲ್ಲಿ ಕಾಡು ಕೊಳ್ಳಬೇಕಾದರೆ ಆ ಊರಿನ ಆಡಳಿತ ಮಂಡಳಿ ಬೇಡ ಎಂದು ತಡೆಯಬಹುದು. ನಮ್ಮ ಗ್ರಾಮ ಪಂಚಾಯಿತಿಗೆ ಇಂಥ ಅಧಿಕಾರ ಇದ್ದಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸಿ. ಎಲ್ಲರೂ ಬೇಡ ಅಂದೇಬಿಡುತ್ತಾರೆ ಎಂಬ ಅನುಮಾನ ಮೊದಲು ಬರುತ್ತದೆ. ನನಗೂ ಬಂದಿತ್ತು.

2007ರಲ್ಲಿ ಪರೀಕ್ಷೆ ಬಂತು. ಗ್ಲೆನ್ಸ್ ಫಾಲ್ಸ್ ಊರಿನ ಫಿಂಚ್ ಪ್ರೈನ್ ಎಂಬ ಕಾಗದದ ಕಂಪನಿ 1865ರಿಂದ ಇತ್ತು. ಒಂದು ಕಾಲದಲ್ಲಿ ಹಡ್ಸನ್ ನದಿಯಲ್ಲಿ ದಿಮ್ಮಿ ತೇಲಿಸಿ ಗಿರಣಿಗೆ ತರುತ್ತಿದ್ದರು. ಕೊನೆಯ ಸಲ ಹಾಗೆ ತೇಲಿಸಿದ್ದು 1950ರಲ್ಲಿ. ಕಂಪನಿ ಮಾರಾಟವಾಯಿತು. ಅದರ ಕೈಯಲ್ಲಿದ್ದ 1,61,000 ಎಕರೆ ಕಾಡನ್ನು ನೇಚರ್ ಕನ್ಸರ್ವೆನ್ಸಿ ಎಂಬ ಸಂರಕ್ಷಣಾ ಸಂಸ್ಥೆ 11 ಕೋಟಿ ಡಾಲರ್‌ಗೆ ಕೊಂಡಿತು. ನಮ್ಮ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕಿಂತ ಸ್ವಲ್ಪ ದೊಡ್ಡ ಜಾಗ. ಅದರೊಳಗೆ ನೂರಾರು ಕೆರೆ, ಹೊಳೆ, ಜಲಪಾತ, ಜೌಗು. ನೂರಕ್ಕೂ ಹೆಚ್ಚು ವರ್ಷದಿಂದ ಹೊರಗಿನವರಿಗೆ ಬಾಗಿಲು ಮುಚ್ಚಿದ್ದ ಕಾಡು.

ಕೊಂಡ ಮೇಲೆ ಸಂಸ್ಥೆ ಎಲ್ಲವನ್ನೂ ಸರ್ಕಾರಕ್ಕೆ ದಾಟಿಸಲಿಲ್ಲ. ಇದು ಬಹಳ ಜಾಣತನದ ಕೆಲಸ ಎಂದು ನನ್ನ ಅಭಿಪ್ರಾಯ. ಕಾಡು ಎಷ್ಟೋ ಊರುಗಳಲ್ಲಿ ಹರಡಿಕೊಂಡಿತ್ತು. ಪರಿಣತರು ಕೆರೆ ಹೊಳೆಗಳ ಸ್ಥಿತಿ ನೋಡಿದರು. ಸಂಸ್ಥೆಯವರು ಊರೂರಿಗೆ ಹೋಗಿ ನಿಮಗೆ ಏನು ಬೇಕು ಎಂದು ಕೇಳಿದರು. ಎಲ್ಲಿ ಮರ ಕಡಿಯುವ ಕೆಲಸ ಮುಂದುವರಿಯಬೇಕು, ಎಲ್ಲಿ ಕಾಡನ್ನು ಮುಟ್ಟಬಾರದು, ಊರಿಗೆ ಯಾವ ತುಂಡು ಬೇಕು ಎಂದು ಬೇರೆ ಬೇರೆ ಮಾಡಿದರು. ಸುಮಾರು 92,000 ಎಕರೆಯನ್ನು ಡೆನ್ಮಾರ್ಕ್‌ನ ಒಂದು ಪಿಂಚಣಿ ನಿಧಿಗೆ ಮಾರಿದರು. ಅಲ್ಲಿ ಮರ ಕಡಿಯಬಹುದು, ಆದರೆ ಬಡಾವಣೆ ಮಾಡುವ ಹಾಗಿಲ್ಲ. ಬಡಾವಣೆ ಮಾಡುವ ಹಕ್ಕನ್ನು ರಾಜ್ಯ ಸರ್ಕಾರ ಹಣ ಕೊಟ್ಟು ಕೊಂಡುಕೊಂಡಿದೆ. ಜಮೀನು ಒಬ್ಬರದು, ಅದರ ಮೇಲಿನ ಒಂದು ಹಕ್ಕು ಇನ್ನೊಬ್ಬರದು. ಉತ್ತರ ಕನ್ನಡದ ಅಡಿಕೆ ತೋಟದವರಿಗೆ ಇದು ಹೊಸದಲ್ಲ. ಸೊಪ್ಪಿನ ಬೆಟ್ಟದಲ್ಲಿ ನೆಲ ಸರ್ಕಾರದ್ದು, ಸೊಪ್ಪು ದರಕು ತರುವ ಹಕ್ಕು ತೋಟದವರದ್ದು. ಇಲ್ಲಿ ಅದು ತಿರುಗುಮುರುಗಾಗಿದೆ, ಅಷ್ಟೇ. ಗಿರಣಿಗೂ ಮರ ಸಿಗುತ್ತಾ ಹೋಗಬೇಕು ಎಂದು 20 ವರ್ಷದ ಒಪ್ಪಂದವಾಯಿತು. ಕಾಗದದ ಕೆಲಸ ಮಾಡುವ ಮನೆಗಳನ್ನು ಮರೆಯಲಿಲ್ಲ.

ಉಳಿದ 69,000 ಎಕರೆ ಸರ್ಕಾರದ ಪಾಲಿಗೆ. ಖರೀದಿ ನಡೆಯಬೇಕಾದ 27 ಊರುಗಳೂ ಒಪ್ಪಿದವು. 27ಕ್ಕೆ 27. ಬೇಡ ಎನ್ನುವ ಅಧಿಕಾರ ಕೈಯಲ್ಲಿದ್ದಾಗ ಊರುಗಳು ಒಪ್ಪಿಕೊಂಡವು. 2012ರಲ್ಲಿ ಗವರ್ನರ್ ಆಂಡ್ರ್ಯೂ ಕುವೊಮೊ ಸುಮಾರು 5 ಕೋಟಿ ಡಾಲರ್‌ನ ಈ ಖರೀದಿಯನ್ನು ಘೋಷಿಸಿದರು. ತಂದೆಯ ಕಾಲದಲ್ಲಿ ಮುರಿದುಬಿದ್ದ ಮಾತು ಮಗನ ಕಾಲದಲ್ಲಿ ಮುಂದೆ ಹೋಯಿತು.

ಮಾತು ಮುಂದೆ ಹೋಗುವುದಕ್ಕೆ ಹಿನ್ನೆಲೆಯಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಅದಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ. ಆ ಹೊತ್ತಿಗೆ ಕಾಮನ್ ಗ್ರೌಂಡ್ ಅಲಯನ್ಸ್ ಎಂಬ ಕೂಟ ಶುರುವಾಗಿ, ಊರಿನ ಮುಖಂಡರು, ವ್ಯಾಪಾರದವರು, ಪರಿಸರದವರು ವರ್ಷಕ್ಕೊಮ್ಮೆ ಒಂದೇ ಚಾವಣಿಯಡಿ ಕೂರತೊಡಗಿದ್ದರು. 2011ರಲ್ಲಿ ಕೀನ್ ಊರಿನ ಕಡೆಯ ಡೇವ್ ಮೇಸನ್, ಜಿಮ್ ಹರ್ಮನ್ ಎಂಬ ಇಬ್ಬರು ನಿವೃತ್ತ ಸಲಹೆಗಾರರು ಸಂಬಳ ಇಲ್ಲದೆ ಒಂದು ಕೆಲಸಕ್ಕೆ ಇಳಿದರು. ಮುಂದಿನ 25 ವರ್ಷದಲ್ಲಿ ಈ ಪ್ರದೇಶ ಹೇಗಿರಬಹುದು ಎಂದು ಆರು ಚಿತ್ರ ಬರೆದರು. ಒಂದರಲ್ಲಿ ಕಾಡೇ ಮುಖ್ಯ, ಮನುಷ್ಯ ಹಿನ್ನೆಲೆಗೆ. ಇನ್ನೊಂದರಲ್ಲಿ ಪ್ರವಾಸ, ಆಟ, ಓಡಾಟ ಮುಖ್ಯ. ಮತ್ತೊಂದರಲ್ಲಿ ಸಣ್ಣ ಊರುಗಳು ಗಟ್ಟಿಯಾಗಿ ನಿಲ್ಲುತ್ತವೆ. ಇನ್ನೊಂದರಲ್ಲಿ ಸರ್ಕಾರ ಹಿಂದೆ ಸರಿಯುತ್ತದೆ. ಐನೂರಕ್ಕೂ ಹೆಚ್ಚು ಜನರನ್ನು ಬೇರೆ ಬೇರೆ ಕಮ್ಮಟಗಳಲ್ಲಿ ಕೂರಿಸಿ ಎರಡು ಪ್ರಶ್ನೆ ಕೇಳಿದರು: ನಿಮಗೆ ಯಾವುದು ಇಷ್ಟ? ಯಾವುದು ನಿಜವಾಗಿ ಆಗುವಂಥದ್ದು?

ಪ್ರತಿ ಕಮ್ಮಟದಲ್ಲೂ ಬೇರೆ ಬೇರೆ ಪಂಗಡದ ಜನ ಒಂದೇ ಮೇಜಿನ ಸುತ್ತ ಕೂತಿದ್ದರು. ಉತ್ತರಗಳು ಆಶ್ಚರ್ಯ ಆಗುವಷ್ಟು ಹತ್ತಿರ ಬಂದವು. ಊರೂ ಬೇಕು, ಕಾಡೂ ಬೇಕು, ಎರಡೂ ಒಂದನ್ನೊಂದು ಆತುಕೊಂಡಿರಬೇಕು ಎಂದೇ ಜಾಸ್ತಿ ಜನ ಹೇಳಿದರು. ವರ್ಷಗಟ್ಟಲೆ ಪತ್ರಿಕೆಯಲ್ಲಿ ಬೈದಾಡಿಕೊಂಡವರು ತಮ್ಮ ಆಸೆಗಳಲ್ಲಿ ಇಷ್ಟು ಹತ್ತಿರ ಇದ್ದರು. ಇದು ಕೂತು ಮಾತಾಡುವವರೆಗೆ ಅವರಿಗೇ ಗೊತ್ತಿರಲಿಲ್ಲ.

ಆದರೆ ಆಸೆ ಒಂದಾದ ಮಾತ್ರಕ್ಕೆ ಮುಗಿಯಲಿಲ್ಲ. ಕೊಂಡ ಕಾಡನ್ನು ಏಜೆನ್ಸಿ ಯಾವುದಾದರೂ ಒಂದು ವರ್ಗಕ್ಕೆ ಸೇರಿಸಬೇಕು. ಮುಖ್ಯವಾದವು ಎರಡು. ಒಂದು ವಿಲ್ಡರ್‌ನೆಸ್, ಅಂದರೆ ಅಪ್ಪಟ ಕಾಡು. ಅಲ್ಲಿ ಮೋಟಾರು ವಾಹನ ಇಲ್ಲ, ಸೈಕಲ್ ಕೂಡ ಇಲ್ಲ, ನಡೆಯಬೇಕು, ಇಲ್ಲವೇ ದೋಣಿಗೆ ಹುಟ್ಟು ಹಾಕಬೇಕು. ಇನ್ನೊಂದು ವೈಲ್ಡ್ ಫಾರೆಸ್ಟ್. ಅಲ್ಲಿ ಗುರುತು ಮಾಡಿದ ದಾರಿಗಳಲ್ಲಿ ಸೈಕಲ್, ಚಳಿಗಾಲದಲ್ಲಿ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಮೋಟಾರು ಗಾಡಿ), ಕೆಲವು ಕಡೆ ಕಾರು ಹೋಗಬಹುದು. ಇವೆರಡರ ನಡುವೆ ಪ್ರಿಮಿಟಿವ್ ಎಂಬ ಮೂರನೆಯದೂ ಇದೆ. ಹೊರಗಿನವರಿಗೆ ಇದು ಸುಮ್ನೆ ಹೆಸರು. ನ್ಯೂಕಮ್‌ನಂಥ ಊರಿನಲ್ಲಿ ಪೆಟ್ರೋಲ್ ಬಂಕು ನಡೆಸುವವರಿಗೆ ಇದು ಚಳಿಗಾಲದ ವ್ಯಾಪಾರ.

ಎಸೆಕ್ಸ್ ಚೈನ್ ಎಂಬ ಕೆರೆಗಳ ಸಾಲಿನ ವಿಷಯದಲ್ಲಿ 2013ರಲ್ಲಿ ಮಧ್ಯದ ದಾರಿ ಹಿಡಿದು ಪ್ರಿಮಿಟಿವ್ ಮಾಡಿದರು. ಇಲ್ಲೂ ಊರಿನವರ ಸಣ್ಣ ಬೇಡಿಕೆಗಳಿಗೆ ಜಾಗ ಸಿಕ್ಕಿತ್ತು. ನೀರಿನ ಮೇಲೆ ಇಳಿಯುವ ಸಣ್ಣ ವಿಮಾನದ ಹಕ್ಕು, ಅಲ್ಲಿನ ಗುಂಡಿಗಳಿಂದ ರಸ್ತೆಗೆ ಜಲ್ಲಿ ತೆಗೆಯುವ ಹಕ್ಕು ಊರುಗಳಿಗೆ ಉಳಿದವು. ಜಲ್ಲಿಯ ಹಕ್ಕು! ದೊಡ್ಡ ಸಭೆಗಳಲ್ಲಿ ಯಾರೂ ಇದನ್ನು ಎತ್ತುವುದಿಲ್ಲ. ಊರಿನ ರಸ್ತೆ ನೋಡಿಕೊಳ್ಳುವವರಿಗೆ ಮಾತ್ರ ಅದರ ಬೆಲೆ ಗೊತ್ತು.

ಕಳೆದುಕೊಂಡವರೂ ಇದ್ದರು. ಕಂಪನಿ ಈ ಕಾಡನ್ನು ಬೇಟೆ ಮತ್ತು ಮೀನುಗಾರಿಕೆ ಕ್ಲಬ್ಬುಗಳಿಗೆ ಗುತ್ತಿಗೆ ಕೊಟ್ಟಿತ್ತು. ಅಜ್ಜ, ಅಪ್ಪ, ಮಗ ಎಂದು ತಲೆಮಾರುಗಳು ಅಲ್ಲಿ ಮರದ ಸಣ್ಣ ಮನೆ ಕಟ್ಟಿಕೊಂಡು ಪ್ರತಿ ವರ್ಷ ಬರುತ್ತಿದ್ದರು. 2018ರ ಹೊತ್ತಿಗೆ ಅವರು ಜಾಗ ಖಾಲಿ ಮಾಡಬೇಕಾಯಿತು. ಎಲ್ಲರಿಗೂ ತೆರೆದ ಕಾಡು ಅವರ ಪಾಲಿಗೆ ಮುಚ್ಚಿದ ಮನೆ. ಇಂಥ ಯೋಜನೆಗಳ ಗೆಲುವನ್ನು ಬರೆಯುವಾಗ ಈ ಸಾಲನ್ನು ಬಿಟ್ಟುಬಿಡುವುದು ತಪ್ಪು.

ಈಗ ಬೋರಿಯಾಸ್ ರಸ್ತೆಗೆ ಬರೋಣ. 20,758 ಎಕರೆ, 1.45 ಕೋಟಿ ಡಾಲರ್, ಈ ಖರೀದಿಯ ಕೊನೆಯ ದೊಡ್ಡ ತುಂಡು. ಮೊದಲಿಗೆ ತಾತ್ಕಾಲಿಕವಾಗಿ ರಸ್ತೆಯ ಅರ್ಧದವರೆಗೆ ಕಾರು ಬಿಟ್ಟರು. ಊರಿನ ಆಡಳಿತಗಳು ಒಂದು ಕಡೆ ಸೇರಿ, ಕೆರೆಯ ಹತ್ತಿರದವರೆಗೆ ಬಿಡಿ ಎಂದವು. ವಯಸ್ಸಾದವರು, ಮಕ್ಕಳಿರುವವರು, ಕಾಲು ಸರಿ ಇಲ್ಲದವರು ಐದಾರು ಕಿಲೋಮೀಟರ್ ದೋಣಿ ಹೊರುವುದಕ್ಕೆ ಆಗುತ್ತದೆಯೇ ಎಂದು ಕೇಳಿದವು. ಪರಿಸರ ಸಂಘಟನೆಗಳದ್ದು ಒಂದೇ ದನಿಯಾಗಿರಲಿಲ್ಲ. ಕೆಲವರು ಕೆರೆಗೆ ಒಂದು ಮೈಲಿ ದೂರದವರೆಗೆ ಕಾರು ಬರಲಿ, ಆಚೆಗೆ ಅಪ್ಪಟ ಕಾಡಿರಲಿ ಎಂದರು. ಇನ್ನು ಕೆಲವರು ರಸ್ತೆಯನ್ನೇ ಮುಚ್ಚಿ, ನಡೆದುಕೊಂಡೇ ಬರಲಿ ಎಂದರು. ಕಾರು ಹತ್ತಿರ ಬಂದಷ್ಟೂ ಜನ ಜಾಸ್ತಿ, ಹೊರಗಿನ ಕಳೆ ಮತ್ತು ಜೀವಿಗಳು ದೋಣಿಗೆ ಅಂಟಿಕೊಂಡು ಕೆರೆಗೆ ಸೇರುವ ಅಪಾಯ ಜಾಸ್ತಿ, ಕಾಡಿನ ಮೌನ ಕಮ್ಮಿ. ಈ ವಾದದಲ್ಲೂ ಹುರುಳಿದೆ. 2016ರ ಕೊನೆಯಲ್ಲಿ ರಾಜ್ಯದ ಬೇರೆ ಬೇರೆ ಊರುಗಳಲ್ಲಿ ಅಹವಾಲು ಸಭೆ ನಡೆದವು. ಸಾವಿರಾರು ಪತ್ರ ಬಂದವು.

2018ರ ಫೆಬ್ರವರಿಯಲ್ಲಿ ಏಜೆನ್ಸಿ ಮತ ಹಾಕಿತು. ಎಂಟು ಮತ ಪರ, ಒಂದು ವಿರುದ್ಧ. ಸುಮಾರು 11,400 ಎಕರೆ ಅಪ್ಪಟ ಕಾಡು, 9,100 ಎಕರೆ ವೈಲ್ಡ್ ಫಾರೆಸ್ಟ್. ಕೆರೆಗಳು ಅಪ್ಪಟ ಕಾಡಿನ ಕಡೆಗೆ, ರಸ್ತೆ ಇನ್ನೊಂದು ಕಡೆಗೆ. ಸಾಮಾನ್ಯ ಜನರ ಕಾರು ಕೆರೆಗೆ ಸುಮಾರು ಒಂದು ಮೈಲಿ ದೂರದಲ್ಲಿ ನಿಲ್ಲುತ್ತದೆ. ಅಂಗವಿಕಲರಿಗೆ ಪರವಾನಗಿ ಇದ್ದರೆ ಇನ್ನೂ ಹತ್ತಿರ ಹೋಗಬಹುದು. ಉಳಿದವರು ದೋಣಿಯನ್ನು ಎರಡು ಗಾಲಿಯ ಸಣ್ಣ ಗಾಡಿಗೆ ಕಟ್ಟಿ ಎಳೆದುಕೊಂಡು ಹೋಗುತ್ತಾರೆ. ಪೂರ್ತಿ ಖುಷಿಯಾದವರು ಕಮ್ಮಿ. ನನಗೆ ಇದು ಒಳ್ಳೆಯ ತೀರ್ಮಾನ ಅನಿಸುತ್ತದೆ. ಒಂದು ಮೈಲಿ ನಡೆದು ಬಂದವರಿಗೆ ಆ ನೀರು ಬೇರೆಯೇ ಥರ ಕಾಣುತ್ತದೆ.

ಜೊತೆಗೆ ಊರಿಗೂ ಏನಾದರೂ ಸಿಗಬೇಕಲ್ಲ. ನಾರ್ತ್ ಹಡ್ಸನ್‌ನಲ್ಲಿ ಹಿಂದೆ ಫ್ರಾಂಟಿಯರ್ ಟೌನ್ ಎಂಬ ಮಕ್ಕಳ ಮನರಂಜನಾ ತಾಣ ಇತ್ತು. 1998ರಲ್ಲಿ ಮುಚ್ಚಿತು, ಕಟ್ಟಡಗಳು ಪಾಳುಬಿದ್ದವು. ಬೋರಿಯಾಸ್ ಖರೀದಿಯಾದ ಮೇಲೆ ಸರ್ಕಾರ ಅಲ್ಲಿ ಹಣ ಹಾಕಿತು. 2019ರಲ್ಲಿ ಅಲ್ಲೊಂದು ಕ್ಯಾಂಪ್‌ಗ್ರೌಂಡ್ ಶುರುವಾಯಿತು, ಕುದುರೆ ತರುವವರಿಗೂ ಅಲ್ಲಿ ಜಾಗವಿದೆ.

ಇಲ್ಲಿಗೇ ನಿಲ್ಲಿಸಿದರೆ ಎಲ್ಲ ಸುಸೂತ್ರವಾಗಿ ನಡೆಯಿತು ಎಂಬ ಭಾವನೆ ಬರುತ್ತದೆ. ಹಾಗಾಗಲಿಲ್ಲ. ಊರಿನಿಂದ ಊರಿಗೆ ಸ್ನೋಮೊಬೈಲ್ ದಾರಿ ಮಾಡುವುದೂ ರಾಜ್ಯದ ಯೋಜನೆಯಲ್ಲಿತ್ತು. ಕಾಡಿನ ನಡುವಿನ ಹಳೆ ದಾರಿಗಳನ್ನು ಮುಚ್ಚಿ, ಅಂಚಿನಲ್ಲಿ 9ರಿಂದ 12 ಅಡಿ ಅಗಲದ ಹೊಸ ದಾರಿ ಮಾಡುವುದು ಲೆಕ್ಕಾಚಾರ. ಊರುಗಳು ಒಪ್ಪಿದ್ದವು, ಇಲಾಖೆ ಒಪ್ಪಿತ್ತು. ಪ್ರೊಟೆಕ್ಟ್ ದ ಅಡಿರಾಂಡ್ಯಾಕ್ಸ್ ಎಂಬ ಸಂಘಟನೆ 2013ರಲ್ಲಿ ಕೋರ್ಟಿಗೆ ಹೋಯಿತು. ಎಷ್ಟು ದಪ್ಪ ಇದ್ದರೆ ಅದನ್ನು ಮರ ಅನ್ನಬೇಕು ಎಂಬುದರ ಮೇಲೇ ದೊಡ್ಡ ವಾದ ನಡೆಯಿತು. 2021ರ ಮೇ ತಿಂಗಳಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ತೀರ್ಪು ಕೊಟ್ಟಿತು. 27 ಮೈಲಿ ದಾರಿಗೆ ಸುಮಾರು 25,000 ಮರ ಹೋಗುತ್ತವೆ, ಇದು 1894ರ ಆ ವಾಕ್ಯಕ್ಕೆ ವಿರುದ್ಧ. ಎಲ್ಲರೂ ಕೂತು ಒಪ್ಪಿದರೂ ಸಂವಿಧಾನ ಒಪ್ಪದಿದ್ದರೆ ಆಗುವುದಿಲ್ಲ. ಊರಿನವರ ನಿರಾಸೆ ನನಗೆ ಅರ್ಥವಾಗುತ್ತದೆ. ಆದರೂ ತೀರ್ಪು ಸರಿ ಎಂದೇ ನಾನು ನಂಬುತ್ತೇನೆ. ಹೀಗೆ ಗಟ್ಟಿಯಾದ ಒಂದು ನೆಲಗಟ್ಟು ಇದ್ದರೆ ಮಾತ್ರ ಅದರ ಮೇಲೆ ಕೊಡುಕೊಳ್ಳುವ ಮಾತು ಧೈರ್ಯವಾಗಿ ಆಡಬಹುದು.

ಇನ್ನೊಂದು ತೊಂದರೆ ಜನಜಂಗುಳಿ. ಎತ್ತರದ 46 ಶಿಖರಗಳನ್ನೂ ಹತ್ತಬೇಕು ಎಂಬ ಹುಚ್ಚು ಅಲ್ಲಿ ಹಳೆಯದು. ಮಾರ್ಸಿ 1,629 ಮೀಟರ್, ನಮ್ಮ ಕುಮಾರ ಪರ್ವತಕ್ಕಿಂತ ಸ್ವಲ್ಪ ಕಮ್ಮಿ. ನೆತ್ತಿಯಲ್ಲಿ ಹಿಮಯುಗದ ಕಾಲದಿಂದ ಉಳಿದ ಪುಟ್ಟ ಗಿಡಗಳಿವೆ, ಕಾಲಿಟ್ಟರೆ ಸಾಯುತ್ತವೆ. 1989ರಿಂದ ಶಿಖರದ ಮೇಲೆ ಕಾವಲಿಗೆ ಜನ ನಿಲ್ಲುತ್ತಾರೆ. ಅವರು ದಂಡ ಹಾಕುವುದಿಲ್ಲ. ಬಂದವರನ್ನು ಮಾತಾಡಿಸಿ, ಗಿಡ ತೋರಿಸಿ, ಬಂಡೆಯ ಮೇಲೆ ನಡೆಯಿರಿ ಎನ್ನುತ್ತಾರೆ. ಗಿಡಗಳು ಮತ್ತೆ ಹಬ್ಬಿವೆ. ಇದು ಸಸ್ಯವಿಜ್ಞಾನಿ ಎಡ್ ಕೆಚ್‌ಲೆಜ್ ಅವರ ಕನಸು.

ಆದರೂ ಕೀನ್ ಊರಿನ ಹೆದ್ದಾರಿ ಬದಿಯಲ್ಲಿ ಕಾರುಗಳ ಸಾಲು ಬೆಳೆಯುತ್ತಲೇ ಹೋಯಿತು. 2021ರಲ್ಲಿ ಒಂದು ಖಾಸಗಿ ಜಾಗದ ಮೂಲಕ ಹೋಗುವ ದಾರಿಗೆ ಮುಂಚಿತವಾಗಿ ಬುಕ್ ಮಾಡುವ ಪದ್ಧತಿ ತಂದರು. 70 ಕಾರಿಗೆ ಜಾಗ, ದುಡ್ಡು ಕೊಡಬೇಕಾಗಿಲ್ಲ. ಸಾರ್ವಜನಿಕ ಕಾಡಿಗೆ ಹೋಗುವುದಕ್ಕೆ ಬುಕಿಂಗ್ ಯಾಕೆ ಎಂದು ಕೇಳಿದವರಿದ್ದರು. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಸೇರಿದ ಚಿತ್ರ ನೋಡಿದ ನಮಗೆ ಆ ಪ್ರಶ್ನೆಯ ಎರಡೂ ಬದಿ ಗೊತ್ತು. ನಮ್ಮಲ್ಲೂ ಆನ್‌ಲೈನ್ ಬುಕಿಂಗ್ ಬಂದಿದೆ. ಆದರೆ ಎಷ್ಟು ಜನ, ಯಾವ ತಿಂಗಳು, ಯಾವ ದಾರಿ ಎಂದು ತೀರ್ಮಾನಿಸುವಾಗ ಬೆಟ್ಟದ ಬುಡದಲ್ಲಿ ಊಟ ಹಾಕುವ ಮನೆಯವರನ್ನೂ ಕೂರಿಸಿ ಕೇಳಬೇಕು ಎಂಬುದು ನನ್ನ ಆಸೆ.

ನ್ಯೂಕಮ್ ಊರಿನ ಒಂದು ವಿಷಯ ನನ್ನನ್ನು ಬಿಡುವುದಿಲ್ಲ. ಐನೂರು ಜನವೂ ಇಲ್ಲದ ಊರು. ಎಸೆಕ್ಸ್ ಚೈನ್ ಅದರ ಹಿತ್ತಿಲಲ್ಲೇ ಇದೆ ಅನ್ನಬಹುದು. ಅಲ್ಲಿನ ಶಾಲೆಯಲ್ಲಿ ಮಕ್ಕಳು ಕಮ್ಮಿಯಾಗುತ್ತಾ ಬಂದು, 2007ರಿಂದ ಬೇರೆ ದೇಶದ ವಿದ್ಯಾರ್ಥಿಗಳನ್ನು ಕರೆಸಿ ಊರಿನ ಮನೆಗಳಲ್ಲಿ ಇರಿಸಿಕೊಂಡು ಶಾಲೆ ಉಳಿಸಿಕೊಂಡರು. ಕಾಡು ತೆರೆದರೆ ಪ್ರವಾಸಿಗರು ಬರುತ್ತಾರೆ, ಪ್ರವಾಸಿಗರು ಬಂದರೆ ಕೆಲಸ, ಕೆಲಸ ಇದ್ದರೆ ಮಕ್ಕಳು ಎಂಬ ಆಸೆಯಲ್ಲಿ ಊರುಗಳು ಒಪ್ಪಿದ್ದವು. ಪ್ರವಾಸಿಗರು ಬಂದರು. ಆದರೆ ಬೇಸಿಗೆಯ ಮೂರು ತಿಂಗಳ ಕೆಲಸದಲ್ಲಿ ಸಂಸಾರ ನಡೆಯುವುದಿಲ್ಲ. ಲೇಕ್ ಪ್ಲಾಸಿಡ್, ಕೀನ್ ಕಡೆ ಮನೆಗಳು ದಿನಬಾಡಿಗೆಗೆ ಹೋಗಿ, ಅಲ್ಲೇ ಕೆಲಸ ಮಾಡುವವರಿಗೆ ಮನೆ ಸಿಗುವುದು ಕಷ್ಟವಾಗಿದೆ. ಕಾರು ಎಲ್ಲಿ ನಿಲ್ಲಬೇಕು ಎಂದು ಎರಡು ವರ್ಷ ಚರ್ಚೆ ಮಾಡಿದ ಜನ ಈಗ ಶಾಲೆಯ ಮೇಷ್ಟ್ರು ಎಲ್ಲಿ ಇರಬೇಕು ಎಂದು ಮಾತಾಡಬೇಕಾಗಿದೆ.